ಮನೆಹಾಡು

ಮಾಘ ಶುದ್ಧ ಸಪ್ತಮಿ. ಬೆಳಿಗ್ಗೆ ಮಂಜಿತ್ತು, ಹೊತ್ತೇರಿದ ಮೇಲೆ ತಿಳಿಬಿಸಿಲು.

ಗುರುಗಳ ಹಿಂದೆ ನಡೆಯುತ್ತಿದ್ದ ಶಿಷ್ಯ ಮುರಿಗೆಯ್ಯ ಕೇಳಿದ: "ಸ್ವಾಮಿ, ಹಾಡಿಕೊಂಡು ನಡೆದರೆ ದಾರಿ ಸವೆದದ್ದೇ ತಿಳಿಯುವುದಿಲ್ಲ. ಎಲ್ಲಕ್ಕಿಂತ ಇಂಪಾದ ಹಾಡನ್ನೇ ದಾರಿಯುದ್ದಕ್ಕೂ ಹಾಡಿಕೊಂಡರೆ ಆಗದೆ?"

ಗುರುಗಳು ನಡೆಯುತ್ತಲೇ ಹೇಳಿದರು.

ಒಬ್ಬ ಉಪ್ಪಿನ ವರ್ತಕನಿದ್ದ. ಕಡಲತೀರದಲ್ಲಿ ಎತ್ತುಗಳ ಮೇಲೆ ಉಪ್ಪು ಹೇರಿಸಿ ಬಯಲುಸೀಮೆಯ ತನ್ನ ಊರಿಗೆ ತರುತ್ತಿದ್ದ. ತಂಡದ ಮುಂದೆ ಒಬ್ಬ ಕೊಳಲಿನವನು. ಆ ಜನರಲ್ಲಿ ಒಂದು ಕಟ್ಟಳೆ ಇತ್ತು. ಏರಿಗೆ ಒಂದು ಧಾಟಿ, ಹೊಳೆಯ ಮರಳಿಗೆ ಒಂದು, ಕಾಡಿಗೆ ಇನ್ನೊಂದು. ಕೊನೆಯ ದಿಣ್ಣೆ ಹತ್ತಿ ಊರು ಕಂಡಾಗ ಮಾತ್ರ ಮನೆಹಾಡು. ಅದು ಕಿವಿಗೆ ಬಿದ್ದರೆ ಆಳುಗಳ ಕಾಲು ಹಗುರಾಗುತ್ತಿತ್ತು. ಎತ್ತುಗಳು ಕೂಡ ಕಿವಿ ನಿಮಿರಿಸುತ್ತಿದ್ದವು.

ಒಂದು ಸಲ ವರ್ತಕ ತೀರದಲ್ಲಿದ್ದಾಗ ಊರಿಂದ ಸುದ್ದಿ ಬಂತು. ತಾಯಿ ಹಾಸಿಗೆ ಹಿಡಿದಿದ್ದಾಳೆ, ಹೆಚ್ಚು ದಿನ ಉಳಿಯಲಾರಳು, ಮಗನನ್ನೊಮ್ಮೆ ನೋಡಬೇಕು ಅನ್ನುತ್ತಿದ್ದಾಳೆ. ವರ್ತಕ ಉಪ್ಪನ್ನೂ ಎತ್ತುಗಳನ್ನೂ ಆಳುಗಳಿಗೆ ಬಿಟ್ಟ. ಕೊಳಲಿನವನನ್ನು ಕರೆದುಕೊಂಡು ಹೊರಟ.

ಮೊದಲ ಏರು ಬಂತು. ಏರಿನ ಧಾಟಿ ನಿಧಾನದ್ದು. ವರ್ತಕ ತಾಳಲಾರದೆ ಹೇಳಿದ: "ಮನೆಹಾಡು ಊದು."

"ಇಲ್ಲಿಯೇ, ಧಣಿ? ಎತ್ತುಗಳು ಕೇಳಿದರೆ ನಕ್ಕಾವು."

"ಎತ್ತುಗಳು ಹಿಂದೆ ಉಳಿದವಲ್ಲ. ನಗುವವರು ಯಾರೂ ಇಲ್ಲ. ಊದು."

ಕೊಳಲಿನವನು ಊದಿದ. ಪ್ರತಿ ತಿರುವಿನಾಚೆಗೂ ಊರು ಇದ್ದಂತಾಯಿತು. ದಾರಿಬದಿಯ ಬಂಡೆ ಮನೆಯ ಜಗಲಿಯಾಯಿತು. ಯಾರದೋ ಹೊಲದ ಹೊಗೆ ಅವ್ವನ ಒಲೆಯ ಹೊಗೆಯಾಯಿತು. ಹಳ್ಳದ ನೀರು ಅವಳು ಕೊಡ ತುಂಬುವಂತೆ ಸದ್ದು ಮಾಡಿತು. ಕಾಲು ನೆಲ ಮುಟ್ಟಿತೋ ಇಲ್ಲವೋ ತಿಳಿಯದೆ ವರ್ತಕ ನಡೆದ. ಏರು ಬಂದು ಹೋಯಿತು, ಕಾಡು ಬಂದು ಹೋಯಿತು, ಮರಳೂ ಹೋಯಿತು. ಯಾವ ತಂಡವೂ ಅಷ್ಟು ಬೇಗ ನಡೆದಿರಲಿಲ್ಲ.

ಕೊನೆಯ ದಿಣ್ಣೆಯ ಮೇಲೆ ನಿಂತಾಗ ಸಂಜೆ. ಕೆಳಗೆ ಊರಿತ್ತು. ಕೊಳಲು ಅದೇ ಹಾಡು ನುಡಿಯಿತು. ವರ್ತಕನಿಗೆ ಆ ಊರೂ ದಾರಿಯ ಇನ್ನೊಂದು ತಿರುವಿನಂತೆಯೇ ಕಂಡಿತು.

ಮನೆಯೊಳಗೆ ಹೋದ. ತಾಯಿಯ ಕಣ್ಣು ಮಂಜಾಗಿತ್ತು. ಅವನ ಕೈ ಸವರಿ ಕೇಳಿದಳು: "ಬಂದೆಯೇನೋ, ಮಗನೇ?"

"ಬರುತ್ತಾ ಇದ್ದೇನೆ, ಅವ್ವಾ" ಎಂದ ವರ್ತಕ.

ತಾಯಿ ಆ ಕೈ ಬಿಟ್ಟಳು. ಮಗನ ದಾರಿ ಕಾಯುತ್ತ ಬಾಗಿಲ ಕಡೆಗೆ ಮುಖ ತಿರುಗಿಸಿ ಮಲಗಿದಳು.

ಗುರುಗಳು ಮಾತು ನಿಲ್ಲಿಸಿದರು. ಮುರಿಗೆಯ್ಯ ಸ್ವಲ್ಪ ದೂರ ನಡೆದು ಕೇಳಿದ: "ಕೊಳಲಿನವನು ಹೊತ್ತಿಗೆ ಸರಿಯಾಗಿ ಮನೆ ಮುಟ್ಟಿಸಿದನಲ್ಲ, ಸ್ವಾಮಿ. ಅದಕ್ಕೆ ವರ್ತಕ ಏನು ತೆತ್ತ?"

"ಮನೆ ಸೇರುವ ಗಳಿಗೆಯನ್ನು. ಅದನ್ನು ದಾರಿಯಲ್ಲೇ ತೆತ್ತು ಮುಗಿಸಿದ್ದ."