ಅರಳುವ ಜಾಗ

“ಬುದ್ಧೀ, ನನ್ನಿಂದ ಏನು ತಪ್ಪಾಯಿತು? ಗುರುಮಲ್ಲನನ್ನು ಇಲ್ಲೇ ಇಟ್ಟುಕೊಂಡು ನನ್ನನ್ನೇಕೆ ಕಳಿಸುತ್ತೀರಿ?”

ಕೇಳಿದವನು ಷಡಕ್ಷರಿ. ಅವನೂ ಗುರುಮಲ್ಲನೂ ಒಂದೇ ವರ್ಷ ಮಠಕ್ಕೆ ಬಂದವರು. ನಾಳೆ ಬಿಸಿಲೇರುವ ಮೊದಲು ಹೊರಟು, ಬೆಟ್ಟದಾಚೆಯ ಊರಿನಲ್ಲಿ ಮಕ್ಕಳಿಗೆ ಪಾಠ ಹೇಳು ಎಂದು ಗುರುಗಳು ಅವನಿಗೆ ಅಪ್ಪಣೆ ಮಾಡಿದ್ದರು. ತಾನು ಬೇಡವಾದೆನೆಂದು ಅವನಿಗೆ ಅಳುವೇ ಬಂದಿತ್ತು.

“ಕಲಿತದ್ದು ಇನ್ನೂ ಅರ್ಧ” ಎಂದ.

ಗುರುಗಳು ಹೇಳಿದರು:

ಒಬ್ಬ ರೈತ ಮಲ್ಲಿಗೆ ಬೆಳೆಯುತ್ತಿದ್ದ. ಅವನು ಸೇವಂತಿಗೆ ಬೆಳೆಯುವ ಊರಿನಿಂದ ಸೊಸೆಯನ್ನು ತಂದ. ಅವಳ ತವರಿನಲ್ಲಿ ಮೊಗ್ಗು ಮುಟ್ಟುವಂತಿರಲಿಲ್ಲ. ಸೇವಂತಿಗೆಯ ಮೊಗ್ಗನ್ನು ಕಿತ್ತರೆ ಅದು ಮೊಗ್ಗಾಗಿಯೇ ಒಣಗುತ್ತದೆ. ಚಿಕ್ಕಂದಿನಲ್ಲಿ ಒಮ್ಮೆ ಮಡಿಲು ತುಂಬ ಮೊಗ್ಗು ಕಿತ್ತು ತಂದಿದ್ದಕ್ಕೆ ಅವಳ ಅಪ್ಪ ಎರಡು ದಿನ ಮಾತು ಬಿಟ್ಟಿದ್ದ. ಅಂಥ ಪಾಠವನ್ನು ಯಾರು ಮರೆಯುತ್ತಾರೆ?

ಒಂದು ದಿನ ಪಕ್ಕದೂರಿನಲ್ಲಿ ಮದುವೆ. ಗೋಧೂಳಿ ಲಗ್ನ. ಮದುಮಗಳ ಜಡೆಗೆ ಇವರ ತೋಟದ ಮಲ್ಲಿಗೆಯೇ ಆಗಬೇಕೆಂದು ಹೇಳಿ ಕಳಿಸಿದ್ದರು. ಅಂದೇ ರೈತನ ಹೆಂಡತಿಗೆ ಜ್ವರ ಏರಿತು. ಅವಳನ್ನು ವೈದ್ಯರಲ್ಲಿಗೆ ಕರೆದೊಯ್ಯುವ ಗಡಿಬಿಡಿಯಲ್ಲಿ ರೈತ ಸೊಸೆಗೆ, “ಬಿಸಿಲೇರೋದ್ರೊಳಗೆ ಬಿಡಿಸಿಡವ್ವ” ಎಂದಷ್ಟೇ ಹೇಳಿ ಹೋದ.

ಅವಳು ತೋಟಕ್ಕೆ ಹೋಗಿ ನೋಡಿದಳು. ಒಂದೂ ಅರಳಿರಲಿಲ್ಲ. ಕೈ ಚಾಚಿದಳು, ಅಪ್ಪನ ಮುಖ ನೆನಪಾಯಿತು, ಕೈ ಹಿಂದೆಗೆದಳು. ಮಧ್ಯಾಹ್ನ ಮದುವೆ ಮನೆಯವರು ಹೂವಿಗೆ ಬಂದಾಗ, “ಇನ್ನೂ ಅರಳಿಲ್ಲ, ಅರಳಿದ ಮೇಲೆ ನಾನೇ ತಂದುಕೊಡ್ತೀನಿ” ಎಂದಳು. ಅವರು ಮುಖ ಸಿಂಡರಿಸಿಕೊಂಡು ಹೋದರು.

ಹೊತ್ತಿಳಿಯುವಾಗ ಇಡೀ ತೋಟ ಅರಳಿತು. ಅವಳು ಬುಟ್ಟಿ ತುಂಬ ಬಿಡಿಸಿಕೊಂಡು ಪಕ್ಕದೂರಿಗೆ ಓಡಿದಳು. ಮುಟ್ಟುವಷ್ಟರಲ್ಲಿ ಧಾರೆ ಮುಗಿದಿತ್ತು. ಬುಟ್ಟಿಯ ಹೂವು ಅರ್ಧ ನಲುಗಿತ್ತು, ಅರ್ಧ ಉದುರಿತ್ತು. ಮದುಮಗಳು ಬರಿ ಜಡೆಯಲ್ಲಿ ಕೂತಿದ್ದಳು. ಪಾಪ, ಒಮ್ಮೆ ಬುಟ್ಟಿಯ ಕಡೆ ನೋಡಿ ತಲೆ ತಗ್ಗಿಸಿದಳು.

ಸೊಸೆ ಅಳುತ್ತ ಹಿಂದಿರುಗಿದಾಗ ರೈತ ತೋಟದ ಬೇಲಿಯ ಬಳಿ ನಿಂತಿದ್ದ.

“ನಾನು ಸೋಮಾರಿತನ ಮಾಡಲಿಲ್ಲ ಮಾವ. ಬೆಳಗಿಂದ ಕಾಯ್ದೆ” ಎಂದಳು.

“ಗೊತ್ತು ಕಣವ್ವ. ನಿಮ್ಮಪ್ಪ ಹೇಳಿಕೊಟ್ಟದ್ದೂ ಸುಳ್ಳಲ್ಲ. ಸೇವಂತಿಗೆ ಗಿಡದಲ್ಲಿ ಅರಳಬೇಕು, ಮಲ್ಲಿಗೆ ಮುಡಿದೋರ ತಲೇಲಿ ಅರಳಬೇಕು. ಅದನ್ನ ನಾನು ನಿಂಗೆ ಹೇಳಿ ಹೋಗಬೇಕಿತ್ತು” ಎಂದ ರೈತ. ಆಮೇಲೆ ಬೇಲಿಯ ಮೇಲೆ ಕೈಯಿಟ್ಟು, “ನಲವತ್ತು ವರ್ಷದಿಂದ ಈ ತೋಟ ಮಾಡ್ತಿದೀನಿ. ಹಿಂಗೆ ತೋಟಕ್ಕೆ ತೋಟವೇ ಅರಳಿದ್ದು ನೋಡಿದ್ದು ಇವತ್ತೇ. ಬಲು ಚೆಂದ ಕಾಣ್ತದೆ. ಆದ್ರೆ ಇನ್ನೊಂದು ಸಲ ನೋಡೋದು ಬೇಡ” ಎಂದ.

ಗುರುಗಳು ಕತೆ ನಿಲ್ಲಿಸಿದರು.

“ಗುರುಮಲ್ಲ ಸೇವಂತಿಗೆ. ಅದು ತಿಳಿಯಿತು, ಬುದ್ಧೀ” ಎಂದ ಷಡಕ್ಷರಿ. ಆದರೂ ಮನಸ್ಸು ಒಪ್ಪಲಿಲ್ಲ. “ಇನ್ನೆರಡು ವರ್ಷ ಇಲ್ಲಿದ್ದಿದ್ದರೆ ನಾನು ಅರಳುವುದನ್ನು ತಾವು ಕಣ್ಣಾರೆ ನೋಡುತ್ತಿದ್ದಿರಿ.”

“ನೋಡುವ ಆಸೆ ನನಗೆ ಬಹಳ ಇದೆ ಮಗು, ಆ ಆಸೆಗೆ ನಿನ್ನನ್ನು ಇಲ್ಲೇ ಇಟ್ಟುಕೊಂಡುಬಿಟ್ಟೇನು, ಅದಕ್ಕೇ ಬಿಸಿಲೇರುವ ಮೊದಲು ಹೊರಡು ಎಂದದ್ದು” ಎಂದರು ಗುರುಗಳು.

ಷಡಕ್ಷರಿ ಬಟ್ಟೆ ಗಂಟು ಕಟ್ಟಲು ಎದ್ದುಹೋದ.