ಹಾಡಿನ ಹಿಂದಿನ ಗುಂಯ್

ಮಲಪ್ರಭೆಯ ದಂಡೆಯ ಮೇಲೆ ಮಡಿವಾಳಜ್ಜನವರ ಆಶ್ರಮ. ಅಜ್ಜನವರು ಹಾಡುವುದನ್ನೂ ಕಲಿಸುತ್ತಿದ್ದರು, ಹಾಡು ಕೇಳಿಸುವ ಯಂತ್ರ ಕಟ್ಟುವುದನ್ನೂ ಕಲಿಸುತ್ತಿದ್ದರು. ಎರಡಕ್ಕೂ ಬೇಕಾದದ್ದು ಕಿವಿ ಒಂದೇ, ಅನ್ನುತ್ತಿದ್ದರು.

ಶಿಷ್ಯ ಅಡಿವೆಪ್ಪನಿಗೆ ಎರಡನೆಯದೆಂದರೆ ಜೀವ. ಆರು ವರ್ಷದಲ್ಲಿ ಬೆಸುಗೆಯ ಕೈ ಚೆನ್ನಾಗಿ ಕುದುರಿತ್ತು. ಬಾಯಿ ಇನ್ನೂ ಚೆನ್ನಾಗಿ ಕುದುರಿತ್ತು.

ಹಳೇ ಕಾಲದ ಗಾಜಿನ ವಾಲ್ವಿನ ಆಂಪ್ಲಿಫೈಯರ್ ಬೆಚ್ಚಗೆ ಹಾಡುತ್ತದೆ, ಟ್ರಾನ್ಸಿಸ್ಟರಿನದು ಒಣಒಣ. ಎಲ್ಲವನ್ನೂ ಒಂದೇ ಡಬ್ಬಿಗೆ ತುರುಕಿದ ಇಂಟಿಗ್ರೇಟೆಡ್ ಆಂಪ್ಲಿಫೈಯರಂತೂ ಸಂಸಾರ ಹೂಡಿದ ಸನ್ಯಾಸಿಯ ಹಾಗೆ, ಯಾವ ಕಡೆಯೂ ನೆಟ್ಟಗಿಲ್ಲ. ಇದನ್ನು ಅವನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಈಗ ಅವನಿಗೆ ಒಂದೇ ಆಸೆ. ಗುರುಗಳು ‘ಹೋಗಿ ಬಾ’ ಅಂದರೆ ಸಾಕು, ಹುಬ್ಬಳ್ಳಿಯಲ್ಲಿ ಸ್ವಂತ ಅಂಗಡಿ ತೆರೆಯಬೇಕು.

"ಅಜ್ಜಾರ, ನನಗ ಅಪ್ಪಣಿ ಯಾವಾಗ ಕೊಡ್ತೀರಿ?"

ಅಜ್ಜನವರು ಮೂಲೆಯಲ್ಲಿದ್ದ ತಮ್ಮ ಹಳೆಯ ಆಂಪ್ಲಿಫೈಯರನ್ನು ತೋರಿಸಿದರು. ಅವರೇ ಕಟ್ಟಿದ್ದು, ಅದೂ ಒಂದೇ ಡಬ್ಬಿಯದು. ಪಕ್ಕದಲ್ಲಿ ಒಂದು ಟೇಪು. ಅಜ್ಜನವರ ಗುರುಗಳಾದ ದೊಡ್ಡಜ್ಜನವರು ಹಾಡಿದ್ದರಲ್ಲಿ ಉಳಿದದ್ದು ಅದೊಂದೇ.

"ನಾಳೆ ದೊಡ್ಡಜ್ಜಾರ ಪುಣ್ಯತಿಥಿ. ಇದನ್ನ ಎಲ್ಲಾರಿಗೂ ಕೇಳಿಸು. ಕೇಳಿ ಹೇಳ್ತೀನಿ."

ಅಡಿವೆಪ್ಪ ಟೇಪು ಹಚ್ಚಿದ. ಹಾಡಿನ ಹಿಂದೆ ಗುಂಯ್ ಅಂತ ಒಂದು ಸದ್ದು.

ಅಯ್ಯ, ಇಷ್ಟೇನಾ! ಕರೆಂಟಿನ ಗುಂಯ್. ಇಂಥದ್ದನ್ನು ಅವನು ಎಷ್ಟು ನೋಡಿಲ್ಲ?

ಡಬ್ಬಿ ಅದುರದಿರಲಿ ಅಂತ ಅದರ ಕೆಳಗೆ ಕಡಪಾ ಕಲ್ಲು ಇಟ್ಟ. ಕಲ್ಲಿನ ಕೆಳಗೆ ಟೆನಿಸ್ ಚೆಂಡು ಕೊಯ್ದು ಇಟ್ಟ. ವೈರುಗಳು ನೆಲಕ್ಕೆ ತಾಗದ ಹಾಗೆ ಮರದ ತುಂಡುಗಳ ಮೇಲೆ ಎತ್ತಿದ. ಗುಂಯ್ ಜಪ್ಪಯ್ಯ ಅನ್ನಲಿಲ್ಲ.

ಕೊನೆಗೆ ಹಟಕ್ಕೆ ಬಿದ್ದು ಡಬ್ಬಿಯನ್ನೇ ಬಿಚ್ಚಿದ. ತಗ್ಗಿನ ಸ್ವರಗಳು ದಾಟಿ ಬರದ ಹಾಗೆ ಎರಡು ಕೆಪಾಸಿಟರ್ ಬೆಸುಗೆ ಹಾಕಿದ. ಸದ್ದು ಬೇರು ಸಮೇತ ಹೋಯಿತು.

ಮರುದಿನ ಮುಂಜಾನೆ ಆಶ್ರಮದ ಜಗಲಿಯಲ್ಲಿ ಎಲ್ಲರೂ ಸೇರಿದರು. ದೊಡ್ಡಜ್ಜನವರ ಎತ್ತರದ ದನಿ ಒಂದು ಕಸವಿಲ್ಲದೆ ತೇಲಿ ಬಂತು. ಹಿಂದಿನಿಂದ ಯಾರೋ ಭೇಷ್ ಅಂದರು. ಅಡಿವೆಪ್ಪ ಮನಸ್ಸಿನಲ್ಲೇ ಅಂಗಡಿಗೆ ಬೋರ್ಡು ಬರೆಸಿದ.

ಅಜ್ಜನವರು ಕಣ್ಣು ಮುಚ್ಚಿ ಕೇಳಿದರು. ಹಾಡು ಮುಗಿದರೂ ತೆರೆಯಲಿಲ್ಲ.

"ಹೆಂಗ ಐತ್ರಿ ಅಜ್ಜಾರ?"

"ಭಾಳ ಸ್ವಚ್ಛ ಐತಿ. ದೊಡ್ಡಜ್ಜಾರು ಯಾರ ಜೋಡಿ ಹಾಡಾಕತ್ತಾರ?"

"ಯಾರ ಜೋಡಿ ಅಂದ್ರ? ಒಬ್ಬರೇ ಹಾಡಾಕತ್ತಾರಲ್ರಿ."

"ಅವರು ಒಂದ ದಿನಾನೂ ಒಬ್ಬರೇ ಹಾಡಿದವರಲ್ಲಪಾ. ಹಿಂದ ಒಬ್ಬಾವ ತಂಬೂರಿ ಹಿಡಕೊಂಡು ಕುಂತಿದ್ದ."

ಅಡಿವೆಪ್ಪನಿಗೆ ಈಗ ಹೊಳೆಯಿತು. ಆರು ವರ್ಷ ದಿನಾ ಮುಂಜಾನೆ ಇದೇ ಜಗಲಿಯಲ್ಲಿ ಕೇಳಿದ ತಂಬೂರಿ! ಅದನ್ನೇ ಕರೆಂಟಿನ ರೋಗ ಅಂತ ತೆಗೆದು ಹಾಕಿದ್ದ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

"ಅವರು ಯಾರ್ರಿ, ಅಜ್ಜಾರ?"

"ನಾನು. ಆಗ ನನಗ ಇಪ್ಪತ್ತು. ಹಾಡಾಕ ಇನ್ನೂ ಬಿಟ್ಟಿರಲಿಲ್ಲ."

ಅಡಿವೆಪ್ಪ ಎಲ್ಲರ ಮುಂದೆಯೇ ಕುಳಿತು ಡಬ್ಬಿ ಬಿಚ್ಚಿದ. ಎರಡೂ ಕೆಪಾಸಿಟರ್ ಕಿತ್ತ. ಮತ್ತೆ ಟೇಪು ಹಚ್ಚಿದ.

ಗುಂಯ್ ಬಂತು. ಅದರ ಮೇಲೆ ದೊಡ್ಡಜ್ಜನವರ ಹಾಡು ಆರಾಮಾಗಿ ಕುಳಿತಿತು. ಅಜ್ಜನವರ ಬಲಗೈ ಬೆರಳುಗಳು ತೊಡೆಯ ಮೇಲೆ ತಾವಾಗಿಯೇ ಮೀಟತೊಡಗಿದವು. ಅದನ್ನು ನೋಡಿ ಅಡಿವೆಪ್ಪನಿಗೆ ಅಳು ಬಂತು.

ಆದರೂ ಅವನ ಕಿವಿ ಸುಮ್ಮನಿರುವ ಜಾತಿಯದಲ್ಲ.

"ತಪ್ಪಾತ್ರಿ ಅಜ್ಜಾರ. ಆದ್ರ ನಿಮ್ಮ ಮುಂದ ಸುಳ್ಳು ಹೇಳಂಗಿಲ್ಲ. ತಂಬೂರಿ ಸಂಗಾಟ ಕರೆಂಟಿಂದೂ ಒಂದೀಟು ಗುಂಯ್ ಐತ್ರಿ. ಅದೊಂದನ್ನ ತಗದು ಹುಬ್ಬಳ್ಳಿಗೆ ಹೊಂಡಲೇನ್ರಿ?"

ಅಜ್ಜನವರು ನಕ್ಕರು. ಅವನ ಕೈಯಲ್ಲಿದ್ದ ಬೆಸುಗೆ ಕಡ್ಡಿಯನ್ನು ಮೆಲ್ಲಗೆ ತೆಗೆದು ಕೆಳಗಿಟ್ಟರು.

"ಕರೆಂಟು ಎಲ್ಲಿ ಮುಗೀತೈತಿ, ನಾ ಎಲ್ಲಿ ಚಾಲೂ ಆಗ್ತೀನಿ, ಅದನ್ನ ಹೇಳು. ಹೇಳಿದ ದಿನ ಹುಬ್ಬಳ್ಳಿ ಬಸ್ಸು ಹತ್ತು."