ಬುದ್ಧ ಏಳುವ ತನಕ

ಕೇಳ್ರಿ, ನಮ್ಮ ದ್ಯಾಮ ಪರದೇಶಕ್ಕೆ ಹೋಗಿಬಂದ ಕತೆ ಹೇಳ್ತೀನಿ. ನೀವು ನಕ್ಕರೆ ಅವನಿಗೇನೂ ಬೇಜಾರಿಲ್ಲ.

ಹಿರೇಕೊಪ್ಪದ ಗಂಗವ್ವನಿಗೆ ದ್ಯಾಮ ಒಬ್ಬನೇ ಮಗ. ಹೇಳಿದ್ದನ್ನು ಹೇಳಿದಂತೆಯೇ ಮಾಡುವವನು, ಒಂದೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. "ಹಾಲು ಉಕ್ಕಿದ್ರ ಹೇಳು" ಅಂದರೆ, ಹಾಲೆಲ್ಲ ಉಕ್ಕಿ ಒಲೆ ಆರಿದ ಮೇಲೆ ಬಂದು, "ಯವ್ವಾ, ಉಕ್ತು!" ಅನ್ನುವವನು.

ಅವನಿಗಿದ್ದ ಗೆಳೆಯ ಒಬ್ಬನೇ, ಡ್ರಾಯಿಂಗ್ ಮಾಸ್ತರ ನೀಲಕಂಠ. ನೀಲಕಂಠನಿಗೆ ಹಳೇ ಕಲ್ಲಿನ ಹುಚ್ಚು, ದ್ಯಾಮನಿಗೆ ಊಟದ ಹುಚ್ಚು. ಒಬ್ಬ ಮೂರ್ತಿ ಕಂಡರೆ ಊಟ ಮರೆಯುವವನು, ಇನ್ನೊಬ್ಬ ಊಟ ಕಂಡರೆ ಊರನ್ನೇ ಮರೆಯುವವನು. ಆದರೂ ಒಬ್ಬರನ್ನು ಬಿಟ್ಟು ಒಬ್ಬರಿಗೆ ಆಗುತ್ತಿರಲಿಲ್ಲ. ನೀಲಕಂಠ ಸಿಂಹಳಕ್ಕೆ ಹೊರಟ. ಅಲ್ಲಿ ಬಂಡೆಯಲ್ಲಿ ಕೆತ್ತಿದ ಮಲಗಿದ ಬುದ್ಧನಿದ್ದಾನೆ, ಅವನ ಚಿತ್ರ ಬರೆಯಬೇಕೆಂಬುದು ಹತ್ತು ವರ್ಷದ ಆಸೆ. "ನೀನೂ ಬಾರಲೇ" ಎಂದು ದ್ಯಾಮನನ್ನೂ ಕರೆದ.

ಗಂಗವ್ವ ಹಣೆಹಣೆ ಬಡಿದುಕೊಂಡಳು. "ನಿನಗ ಇರಾಂವ ಒಬ್ಬ ಗೆಳ್ಯಾ! ಅವನ್ನೂ ಕಳಕೊಂಡು ಬಂದಿ ಅಂದ್ರ ನಿನ್ನ ಮಾತಾಡ್ಸೋರು ಯಾರೂ ಇಲ್ಲ ನೋಡು! ಅವ ಹೆಂಗ ಮಾಡ್ತಾನೋ ಹಂಗ ಮಾಡು!"

"ಹೂಂ ಯವ್ವಾ."

ವಿಮಾನ ಇಳಿದ ಕೂಡಲೇ ಒಂದು ಚೀಟಿ ತುಂಬಬೇಕಿತ್ತು. ನೀಲಕಂಠ ತನ್ನ ಹೆಸರು ಬರೆದ, ದ್ಯಾಮನೂ ನೀಲಕಂಠ ಅಂತಲೇ ಬರೆದ. ನೀಲಕಂಠ ತಾನು ಹುಟ್ಟಿದ ದಿನ ಬರೆದ, ದ್ಯಾಮನೂ ಅದೇ ದಿನ ಹುಟ್ಟಿದ. ನೀಲಕಂಠ ತನ್ನ ಪೆನ್ನು ಜೇಬಿಗಿಟ್ಟ, ದ್ಯಾಮ ಅಧಿಕಾರಿಯ ಪೆನ್ನು ಜೇಬಿಗಿಟ್ಟ. ಇಬ್ಬರನ್ನೂ ಎರಡು ತಾಸು ನಿಲ್ಲಿಸಿದರು. ಹೊರಗೆ ಬಂದ ಮೇಲೆ ನೀಲಕಂಠ ಬೈದ.

"ಲೇ ಪೆದ್ದಾ! ಯಾರರ ಕೇಳಿದ್ರ ನಿನ್ನ ಹೆಸರು ಹೇಳು! ನಿಮ್ಮಪ್ಪನ ಹೆಸರು ಹೇಳು! ನಿನ್ನ ಊರು ಹೇಳು!"

"ಹೂಂ, ಹೇಳ್ತೀನಿ."

ಊಟದ ಹೊತ್ತಿಗೆ ಹೋಟೆಲಿಗೆ ಹೋದರು. ಎದುರಿಗೊಂದು ಹಳೇ ಕಂಬ ಕಂಡಿತು, ನೀಲಕಂಠ ಅದನ್ನು ನೋಡಲು ಹೋದ. ಸಪ್ಲೈಯರ್ ಬಂದು ಏನು ಬೇಕೆಂದು ಕೇಳಿದ. ದ್ಯಾಮ ಎದ್ದು ನಿಂತು, "ದ್ಯಾಮಪ್ಪ! ತಂದೆ ಬಸಪ್ಪ! ಹಿರೇಕೊಪ್ಪ!" ಎಂದ. ಅವನು ಮತ್ತೆ ಕೇಳಿದ, ಇವನು ಮತ್ತೆ ಹೇಳಿದ. ಮೂರನೇ ಸಲ ಸಪ್ಲೈಯರ್ ಕೈ ಮುಗಿದು ಹೋದವನು ತಿರುಗಿ ಬರಲಿಲ್ಲ. ಕಂಬ ನೋಡಿ ಬಂದ ನೀಲಕಂಠ ತಲೆ ಚಚ್ಚಿಕೊಂಡ.

"ಹಸಿದಾಗ ಯಾರರ ಅಪ್ಪನ ಹೆಸರು ಹೇಳ್ತಾರೇನಲೇ! ಬೇಕಾದ್ದಕ್ಕ ಬೆರಳು ಮಾಡಿ ತೋರಿಸು!"

"ಹೂಂ, ತೋರಿಸ್ತೀನಿ."

ಮರುದಿನ ಒಂದು ಬೌದ್ಧ ವಿಹಾರಕ್ಕೆ ಹೋದರು. ಬುದ್ಧನ ಮುಂದೆ ಅನ್ನ, ಹಲಸಿನ ಪಲ್ಯ, ಕಾಯಿ ಚಟ್ನಿ ಎಡೆ ಇಟ್ಟಿದ್ದರು. ದ್ಯಾಮ ಅನ್ನಕ್ಕೆ ಬೆರಳು ಮಾಡಿದ, ಪಲ್ಯಕ್ಕೆ ಬೆರಳು ಮಾಡಿದ, ಚಟ್ನಿಗೆ ಎರಡು ಸಲ ಮಾಡಿದ. ಆಮೇಲೆ ಬುದ್ಧನಿಗೆ ಬೆನ್ನು ಹಾಕಿ ಊಟಕ್ಕೆ ಕೂತೇಬಿಟ್ಟ. ಭಿಕ್ಕುಗಳು ಕಣ್ಣುಕಣ್ಣು ಬಿಟ್ಟರು.

"ಏಳಲೇ! ಈ ದೇಶದಾಗ ಬುದ್ಧಗ ಬೆನ್ನು ತೋರಿಸಬಾರದು! ಮಾರಿ ಅವನ ಕಡೆ ಇಟಗೊಂಡು ಹಿಂದಹಿಂದಕ ಬಾ!"

"ಹೂಂ, ಬರ್ತೀನಿ."

ಹೊರಗೆ ಬಂದರೆ ರಸ್ತೆಯ ಈ ತುದಿಗೊಬ್ಬ ಬುದ್ಧ, ಆ ತುದಿಗೊಬ್ಬ ಬುದ್ಧ! ಇವನಿಗೆ ಮುಖ ಮಾಡಿದರೆ ಅವನಿಗೆ ಬೆನ್ನು, ಅವನಿಗೆ ಮುಖ ಮಾಡಿದರೆ ಇವನಿಗೆ ಬೆನ್ನು. ದ್ಯಾಮ ನಡುರಸ್ತೆಯಲ್ಲಿ ನಿಂತು ಬುಗುರಿಯ ಹಾಗೆ ತಿರುಗಿದ. ಕಡೆಗೆ ಏಡಿಯ ಹಾಗೆ ಅಡ್ಡಡ್ಡ ನಡೆದ. ಬಸ್ಸು ನಿಂತಿತು, ಆಟೋ ನಿಂತಿತು, ಎಳನೀರಿನ ಗಾಡಿ ನಿಂತಿತು. ಅವನನ್ನು ಎಳೆದುಕೊಳ್ಳಲು ಓಡಿದ ನೀಲಕಂಠನ ಬಣ್ಣದ ಡಬ್ಬಿ ಕೈಜಾರಿ ಬಿದ್ದು, ಹಿಂದಿನಿಂದ ಬಂದ ಇನ್ನೊಂದು ಬಸ್ಸಿನ ಗಾಲಿಗೆ ಸಿಕ್ಕಿ ಪುಡಿಯಾಯಿತು.

ನೀಲಕಂಠ ಕೆಂಡಾಮಂಡಲವಾದ. "ನಾಳೆ ಮಲಗಿದ ಬುದ್ಧನ ಹಂತ್ಯಾಕ ಹೋಗೋದೈತಿ. ಇನ್ನೊಂದು ತಪ್ಪು ಮಾಡಿದಿ, ನೀನ್ಯಾರೋ ನಾನ್ಯಾರೋ! ಅಲ್ಲಿ ಗದ್ಲ ಮಾಡಬ್ಯಾಡ, ಯಾರಿಗೂ ಮಾಡಗೊಡಬ್ಯಾಡ. ಆ ಬುದ್ಧ ಎದ್ದು ಕುಂತ ಮ್ಯಾಲೆ ಬಾಯಿ ತೆಗಿ, ಅಲ್ಲೀತನಕ ತೆಗೀಬ್ಯಾಡ!"

ದ್ಯಾಮ ಹೂಂ ಅನ್ನಲೂ ಹೆದರಿದ. ಆ ಹೊತ್ತು ಅವನು ಉಂಡದ್ದು ಒಂದೇ ತಟ್ಟೆ. ಎಷ್ಟು ದುಃಖವಾಗಿತ್ತೆಂದು ನೀವೇ ತಿಳಿದುಕೊಳ್ಳಿ!

ಬೆಳಗ್ಗೆ ನೀಲಕಂಠ ಬಂಡೆಯ ಮುಂದೆ ಕೂತು ಪೆನ್ಸಿಲ್ಲಿನಲ್ಲೇ ಬರೆಯತೊಡಗಿದ. ದ್ಯಾಮ ತುಟಿಗೆ ಬೆರಳಿಟ್ಟು ಕಾವಲು ನಿಂತ. ಶಾಲೆಯ ಮೇಷ್ಟರು ಬಂದರು, "ಶ್!" ಗೈಡು ಬಂದ, "ಶ್!" ತಾವರೆ ಹಿಡಿದ ಅಜ್ಜಿಯಂದಿರು ಬಂದರು, "ಶ್!" ಎಲ್ಲರೂ ಗಪ್‌ಚಿಪ್. ನೀಲಕಂಠ ಜನ್ಮದಲ್ಲಿ ಅಷ್ಟು ಚೆಂದದ ಚಿತ್ರ ಬರೆದಿರಲಿಲ್ಲ. ಬರೆದು ಮುಗಿಸಿ, ಅಲ್ಲೇ ಹುಲ್ಲಿನ ಮೇಲೆ ಒರಗಿದವನಿಗೆ ಕಣ್ಣು ಹತ್ತಿತು.

ಎಚ್ಚರವಾದಾಗ ಬಿಸಿಲು ಇಳಿದಿತ್ತು. ತಾವು ಉಳಿದುಕೊಂಡಿದ್ದ ಊರಿಗೆ ಹೋಗುವ ಬಸ್ಸು ಹೋಗಿಬಿಟ್ಟಿತ್ತು. ತಲೆಯ ಹತ್ತಿರ ಯಾವುದೋ ಅಜ್ಜಿ ಇಟ್ಟ ತಾವರೆ. ದ್ಯಾಮ ಅವನ ಮೇಲೆ ಕೊಡೆ ಹಿಡಿದು ನಿಂತಿದ್ದ. ಬೆಳಗಿನಿಂದ ಉಪವಾಸ, ಮುಖವೆಲ್ಲ ಬೆವರು.

"ಬಸ್ ಹೋತಲ್ಲೋ! ಯಾಕ ಎಬ್ಬಿಸಲಿಲ್ಲ? ಮಾತಾಡಲೇ!"

ದ್ಯಾಮ ಗಾಬರಿಯಾಗಿ ಅವನ ಬಾಯಿಗೆ ಕೈ ಅಡ್ಡ ಹಿಡಿದ. ಬಂಡೆಯಲ್ಲಿ ಮಲಗಿದ್ದ ಬುದ್ಧನ ಕಡೆ ಕಣ್ಣಲ್ಲೇ ತೋರಿಸಿ, ಬಾಯಿ ತೆರೆಯದೆ ಹಲ್ಲು ಕಚ್ಚಿಕೊಂಡೇ ಕಿವಿಯಲ್ಲಿ ಮೆಲ್ಲಗೆ ಉಸುರಿದ.

"ಸುಮ್ನಿರೋ! ಅವ ಇನ್ನೂ ಎದ್ದಿಲ್ಲ!"

ನೀನ್ಯಾರೋ ನಾನ್ಯಾರೋ ಎನ್ನಬೇಕಿದ್ದ ನೀಲಕಂಠನಿಗೆ ನಗು ತಡೆಯಲಾಗಲಿಲ್ಲ. ಗೆಳೆಯನನ್ನು ತಬ್ಬಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅಲ್ಲಿದ್ದ ಜನರೆಲ್ಲ ತಿರುಗಿ, ತುಟಿಗೆ ಬೆರಳಿಟ್ಟು, "ಶ್!" ಎಂದರು.